ಮೂರೆಳೆ ದಾರ

ಮಂಗಳವಾರ ಬೆಳಿಗ್ಗೆ 8.40ಕ್ಕೆ ಚನ್ನರಾಯಪಟ್ಟಣದ ಠಾಣೆಗೆ ಬಂದ ಮಾದಮ್ಮ, ಮರ ಹತ್ತುವಾಗ ಸೊಂಟಕ್ಕೆ ಕಟ್ಟುವ, ಹೊಲಿಗೆ ಬಿಟ್ಟುಹೋದ ಬೆಲ್ಟೊಂದನ್ನು ಮೇಜಿನ ಮೇಲಿಟ್ಟಳು. ಹಿಂದಿನ ದಿನ ಅವಳ ಗಂಡ ಸಿದ್ದೇಶ ತೆಂಗಿನಮರದಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸನದ ಆಸ್ಪತ್ರೆ ಸೇರಿದ್ದ.

"ಓದ ವಾರ ಒಸದಾಗಿ ಒಲಿಸಿದ್ದು ಸಾ. ಅಂಗೆ ಕಿತ್ತೋಗಕ್ಕೆ ಅದೇನು ಲಂಗದ ಲಾಡಿಯಾ?"

ದೂರು ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಕಾಂತರಾಜುವಿನ ಪೆನ್ನು ನಿಂತಿತು. ಅವನ ತಮ್ಮ ಪುಟ್ಟರಾಜು ಕಾಯಿ ಕೀಳುವ ಅದೇ ಆರು ಜನರ ತಂಡದವನು. ಅವನದೂ ಅದೇ ದಿನ ಹೊಲಿಸಿದ ಬೆಲ್ಟು. ಈ ಹೊತ್ತಿಗೆ ಮಲ್ಲಿಪಟ್ಟಣದ ಕಡೆ ಯಾವುದೋ ಮರದ ಮೇಲಿರುತ್ತಾನೆ. ಕರೆ ಮಾಡಿದ; ರಿಂಗಾಯಿತು, ಎತ್ತಲಿಲ್ಲ. ಮರ ಹತ್ತುವವರು ಅಂಗಿ, ಫೋನು ಎರಡನ್ನೂ ಬುಡದಲ್ಲೇ ಬಿಟ್ಟಿರುತ್ತಾರೆ.

"ಅರಕಲಗೂಡು ಠಾಣೆಗೆ ಹೇಳಿದೀನಿ, ಅಲ್ಲಿಂದ ಹೊರಟಿದ್ದಾರೆ, ಕಾಂತರಾಜು ಅವರೇ. ನೀವು ಬರೀರಿ" ಎಂದರು ಇನ್‌ಸ್ಪೆಕ್ಟರ್ ಪ್ರತಿಭಾ.

ಬರೆದ. ಮುತ್ತಿನಂಥ ಅಕ್ಷರಕ್ಕೆ ಠಾಣೆಯಲ್ಲೆಲ್ಲ ಹೆಸರಾದವನದು ಅಂದು ಕಾಗೆಕಾಲು ಗುಬ್ಬಿಕಾಲಾಯಿತು.

ಎಫ್‌ಐಆರ್ ದಾಖಲಾಗಿ, ಪಂಚರು ಬಂದು ಕುಳಿತ ಮೇಲೆ ಕಾನ್‌ಸ್ಟೇಬಲ್ ಅನುಶ್ರೀ ಬೆಲ್ಟಿನಿಂದ ಒಂದೇ ಒಂದು ಎಳೆ ಬಿಡಿಸಿ ಕಡ್ಡಿ ಗೀರಿದಳು. ಬಿಡುವಿದ್ದಾಗ ರವಿಕೆ ಹೊಲಿಯುವವಳು ಅವಳು.

"ನೈಲಾನ್ ಆಗಿದ್ರೆ ಕರಗಿ ಮಣಿ ಕಟ್ತಿತ್ತು ಮೇಡಂ. ಇದು ಬೂದಿಯಾಯ್ತು. ಕಾಟನ್ ದಾರ. ಆಳಿನ ಭಾರ ತಡೆಯಲ್ಲ."

ಬೆಲ್ಟು ಹೊಲಿದ ಅಂಗಡಿಯಿದ್ದ ಹೊಳೆನರಸೀಪುರಕ್ಕೆ ಜೀಪು ಹೊರಟಿತು. ದಾರಿಯುದ್ದಕ್ಕೂ ಕಾಂತರಾಜು ಮರಗಳ ತುದಿಯನ್ನೇ ನೋಡುತ್ತಿದ್ದ. ಯಾರ ಫೋನು ಸದ್ದು ಮಾಡಿದರೂ ತನ್ನದನ್ನು ತೆಗೆದು ನೋಡುತ್ತಿದ್ದ.

11.30. ಬೆಲ್ಟು ಹೊಲಿದ ಜಯಲಕ್ಷ್ಮಮ್ಮ ಅಂಗಡಿಯಲ್ಲೇ ಇದ್ದಳು. ಸಿದ್ದೇಶ ಬಿದ್ದನೆಂದು ಕೇಳಿದ್ದೇ ಕೈಲಿದ್ದ ಕತ್ತರಿ ಕೆಳಗಿಟ್ಟಳು.

"ಯಾವ್ದಕ್ಕೆ ಯಾವ ದಾರ ಹಾಕ್ತೀರಮ್ಮ?" ಪ್ರತಿಭಾ ಕೇಳಿದರು.

"ರವಿಕೆಗೆ ಕಾಟನ್ನು. ಬ್ಯಾಗಿಗೆ ತೆಳು ನೈಲಾನು. ಭಾರ ತಡೆಯೋವಕ್ಕೆ ಮೂರೆಳೆ ನೈಲಾನು, ದಪ್ಪ ಸೂಜಿ. ಸಣ್ಣ ಸೂಜಿ ಹಾಕುದ್ರೆ ಎಳೆ ಸಿಗೀತದೆ."

"ಇಷ್ಟು ಗೊತ್ತಿದ್ದೂ ಬೆಲ್ಟಿಗೆ ಕಾಟನ್ ಯಾಕೆ?"

ಜಯಲಕ್ಷ್ಮಮ್ಮ ಮಿಷಿನ್ನಿನ ಮೇಲಿದ್ದ ಬಟ್ಟೆಯ ಚೂರುಗಳನ್ನು ಒಟ್ಟುಮಾಡತೊಡಗಿದಳು.

"ನೈಲಾನ್ ಖಾಲಿಯಾಗಿತ್ತಾ?"

"ಇಲ್ಲ."

ಕಾಂತರಾಜುವಿಗೆ ತಡೆಯಲಾಗಲಿಲ್ಲ. "ಆರು ಬೆಲ್ಟಲ್ಲಿ ಎಷ್ಟಕ್ಕೆ ಹಾಕಿದೀಯ ಯೇಳವ್ವ. ನನ್ ತಮ್ಮ ಮರದ ಮ್ಯಾಲವ್ನೆ."

"ಒಂದ್ಕೇ ಕಣಪ್ಪ. ಕೆಂಪು ಪಟ್ಟಿದು. ಅದು ತನ್ ಬೆಲ್ಟು ಅಂತ ತಂಡದ ಮೇಸ್ತ್ರಿ ಬಸವರಾಜುನೇ ಗುರ್ತು ಆಕ್ಸಿದ್ದು. ಸಿದ್ದೇಶ ಯಾಕೆ ಅದನ್ನ ಕಟ್ಕಂಡ?"

ಯಾಕೆಂದು ಕಾಂತರಾಜುವಿಗೆ ಗೊತ್ತಿತ್ತು. ಬೆಲ್ಟುಗಳನ್ನೆಲ್ಲ ಗಾಡಿಯೊಳಗೆ ಒಟ್ಟಿಗೆ ಎಸೆದಿರುತ್ತಾರೆ. ಬೆಳಿಗ್ಗೆ ಕೈಗೆ ಸಿಕ್ಕಿದ್ದು ಅವರವರ ಸೊಂಟಕ್ಕೆ. ಬಣ್ಣ ನೋಡುವವರು ಯಾರೂ ಇಲ್ಲ.

ಅವಳ ಮಾತನ್ನು ನಂಬುವ ಧೈರ್ಯ ಅವನಿಗೆ ಬರಲಿಲ್ಲ. 12.20ಕ್ಕೆ ಫೋನು ಬಂತು.

"ಅಣ್ಣ, ಪೊಲೀಸ್ರು ಬಂದು ಮರದಿಂದ ಇಳಿಸ್ಬುಟ್ರು. ದಾರ ಸುಟ್ಟು ನೋಡುದ್ರು, ಮಣಿ ಆಯ್ತು. ಏನಣ್ಣ ಇದು?"

ಕಾಂತರಾಜು ಅಂಗಡಿಯ ಹೊಸ್ತಿಲ ಮೇಲೆ ಕುಸಿದು ಕುಳಿತು ಅತ್ತುಬಿಟ್ಟ. ಖಾಕಿ ತೊಟ್ಟಿದ್ದೇನೆಂಬ ನಾಚಿಕೆಯೂ ಆಗಲಿಲ್ಲ.

12.50ಕ್ಕೆ ಅನುಶ್ರೀ ಜಯಲಕ್ಷ್ಮಮ್ಮನನ್ನು ದಸ್ತಗಿರಿ ಮಾಡಿದಳು. ಕಾಂತರಾಜು ಪಂಚನಾಮೆ ಬರೆಯತೊಡಗಿದ: ಕಪ್ಪು ಕಾಟನ್ ದಾರದ ಉಂಡೆ ಒಂದು, ಮೂರೆಳೆ ನೈಲಾನ್ ಉಂಡೆ ಒಂದು, ಕೆಂಪು ಪಟ್ಟಿಯ ಚೂರುಗಳು. ಗೋಡೆಯ ಮೊಳೆಗೆ ಕಿರುಸೊಂಟದ ಬೆಲ್ಟೊಂದು ನೇತಾಡುತ್ತಿತ್ತು. ಅದರ ಮೇಲೆ ದೂಳು ಕೂತಿತ್ತು.

"ಇದು ಯಾರದು?"

"ನನ್ ಮಗ ಮನುದು. ಓದ ವರ್ಷ ಮರದಿಂದ ಬಿದ್ದೋದ. ನಾನೇ ಒಲಿದುಕೊಟ್ಟಿದ್ದೆ. ಮರಮರಕ್ಕೂ ಬಿಚ್ಚಿ ಕಟ್ತಾ ಕೂತ್ರೆ ಒತ್ತಾಯ್ತದೆ ಅಂತ ಮೇಸ್ತ್ರಿ ಬಿಚ್ಚಿಸ್ದ. ನನ್ ಮಗ ಸತ್ಮೇಲೆ ಎಲ್ಲಾರ್ಗೂ ಬೆಲ್ಟ್ ಒಲಿಸ್ದ, ನನ್ ತಾವ್ಲೇ."

ಜೀಪು ಹತ್ತುವಾಗ ತಿರುಗಿ ಕೇಳಿದಳು: "ಸಿದ್ದೇಶ ಎದ್ದು ಓಡಾಡ್ತಾನಾ ಸಾ?"

ಅನುಶ್ರೀ ಜೀಪಿನ ಬಾಗಿಲು ಹಾಕಿದಳು.

ಕಾಂತರಾಜು ಅಂಗಡಿಯೊಳಗೆ ಹೋಗಿ ಮನುವಿನ ಬೆಲ್ಟನ್ನು ಎರಡೂ ಕೈಯಿಂದ ಹಿಡಿದು ಇದ್ದ ಬಲವೆಲ್ಲ ಹಾಕಿ ಜಗ್ಗಿದ. ಒಂದು ಎಳೆಯೂ ಅಲುಗಲಿಲ್ಲ. ಪಂಚನಾಮೆಗೆ ಕೊನೆಯ ಸಾಲು ಸೇರಿಸಿದ: ಬೆಲ್ಟು ಒಂದು, ಹೆಚ್ಚು ಬಳಸಿದ್ದಲ್ಲ, ಹೊಲಿಗೆ ಭದ್ರವಾಗಿದೆ.