ಗಂಗಾಧರನ ಮೂರನೇ ಗ್ಲೈಡರ್

2025ರ ಫೆಬ್ರವರಿ 11, ಮಧ್ಯಾಹ್ನ 3.20. ಕಲ್ಯಾಣದುರ್ಗ ಠಾಣೆಗೆ ಬಂದ ತನುಜಾ ದೂರು ಬರೆದುಕೊಟ್ಟಳು. ಹಿಂದೂಪುರದಲ್ಲಿ ವೆಲ್ಡರ್ ಆಗಿದ್ದ ಅವಳ ಗಂಡ ಗಂಗಾಧರ ತಾನೇ ಕಟ್ಟಿದ, ಎಂಜಿನ್ ಇಲ್ಲದ ಒಂಟಿ ಸೀಟಿನ ಗ್ಲೈಡರ್ ಸಮೇತ ಬೆಳಗ್ಗೆ ಬೆಳುಗುಪ್ಪದ ಬಯಲಿನಲ್ಲಿ ಬಿದ್ದು ಸತ್ತಿದ್ದ. ಜೀಪಿಗೆ ಹಗ್ಗ ಕಟ್ಟಿ ಅದನ್ನು ಎಳೆದ ಗೆಳೆಯ ತೋಟಪ್ಪನ ಮೇಲೆ ಅವಳಿಗೆ ಅನುಮಾನ. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ನಟರಾಜ್ ಮತ್ತು ಕಾನ್‌ಸ್ಟೆಬಲ್ ರಾಮಾಂಜಿ 4.30ಕ್ಕೆ ಬಯಲು ತಲುಪಿದರು. ಪಂಚನಾಮೆಯ ವೇಳೆ ಗ್ಲೈಡರಿನ ಬಾಲದ ತುದಿಯ ಮುಚ್ಚಳ ಬಿಚ್ಚಿದ ರಾಮಾಂಜಿ ನಟರಾಜ್‌ರನ್ನು ಕರೆದ. ಒಳಗೆ ಸೀರೆಯ ತುಂಡಿನಲ್ಲಿ ಸುತ್ತಿದ ರುಬ್ಬುಗುಂಡು ಇತ್ತು, ಅರಿಶಿನ ಕುಂಕುಮ ಹಚ್ಚಿದ್ದು. ತೂಕ ನಾಲ್ಕು ಕಿಲೋ.

“ಇದ್ಯಾರಿಟ್ಟಿದ್ದು?” ಅಲ್ಲೇ ಇದ್ದ ತೋಟಪ್ಪನನ್ನು ನಟರಾಜ್ ಕೇಳಿದರು.

“ಗೊತ್ತಿಲ್ಲ ಸಾರ್. ನೂರು ಗ್ರಾಂ ಜಾಸ್ತಿಯಾದ್ರೂ ಬಯ್ಯೋನು ಅವನು. ನಿನ್ನೆ ಸಾಯಂಕಾಲ ಬ್ಯಾಲೆನ್ಸ್ ನೋಡಿದ್ವಿ, ಸರಿಯಾಗಿತ್ತು.”

“ಇವತ್ತು?”

“ಮನೇತಾವ ಪೂಜೆ ಮುಗೀತು, ಹೊರಟ್ಬುಟ್ವಿ. ಬಿಸಿಲೇರಿ ಗಾಳಿ ಜೋರಾಗೋದ್ರಾಗೆ ಹಾರ್ಬೇಕು ಅಂದ.”

ತೋಟಪ್ಪನ ಜೀಪಿನಲ್ಲಿ ಸಿಕ್ಕ ಗಂಗಾಧರನ ನೋಟ್‌ಬುಕ್ಕನ್ನು ನಟರಾಜ್ ಕೂತು ಓದಿದರು. ಮೊದಲನೇ ಗ್ಲೈಡರ್ ಭಾರ ಹೆಚ್ಚಾಗಿ ನೆಲ ಬಿಟ್ಟು ಏಳಲೇ ಇಲ್ಲ. ಎರಡನೆಯದು ಎದ್ದು, ಮಗುಚಿ, ಅವನ ಎಡಗಾಲು ಮುರಿಯಿತು. ಹಾಗಾಗಿ ಮೂರನೆಯದಕ್ಕೆ ಬಾಲವನ್ನು ಎರಡು ಅಡಿ ಹೆಚ್ಚು ಉದ್ದ ಮಾಡಿದ್ದ. ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದ: ಬಾಲ ಭಾರವಾದರೆ ಮೂಗು ಮೇಲೆದ್ದು, ವೇಗ ಸತ್ತು ಬೀಳುತ್ತದೆ. ಪಾಪ, ಅವನ ಮನೆಯಲ್ಲಿ ಆ ಪುಸ್ತಕ ತೆರೆದು ನೋಡಿದವರು ಯಾರೂ ಇರಲಿಲ್ಲ.

ಮರುದಿನ ಬೆಳಗ್ಗೆ 10ಕ್ಕೆ ಹಿಂದೂಪುರ, ಗಂಗಾಧರನ ಮನೆ. ಹಿತ್ತಲಿನಲ್ಲಿ ಒರಳು ಇತ್ತು, ಗುಂಡು ಇರಲಿಲ್ಲ. ಗಂಗಾಧರನ ತಾಯಿ ಉಡುಸಲಮ್ಮ ಪಕ್ಕದಲ್ಲೇ ಕೂತಿದ್ದಳು.

“ಗುಂಡೆಲ್ಲಮ್ಮಾ?”

“ನಾನೇ ಇಟ್ಟೆ ನಾಯ್ನಾ, ಪೂಜೆ ಮಾಡ್ತಾ. ಮೊದಲ್ನೇದು ಭಾರ ಆಗಿ ಏಳ್ಲಿಲ್ಲ. ಇದೂ ಏಳಾಕಿಲ್ಲ ಅಂದ್ಕಂಡೆ.”

“ಬಾಲದಾಗೇ ಯಾಕೆ?”

“ಮುಚ್ಚಳ ಇದ್ದಿದ್ದು ಅಲ್ಲೊಂದೇ ಕಣಪ್ಪ.” ಖಾಲಿ ಒರಳಿನೊಳಗೆ ಕೈ ಆಡಿಸಿದಳು. “ಅವನಿಗೆ ಹೆಸರಿಟ್ಟ ದಿನ, ಅವನಿಗಿಂತ ಮೊದ್ಲು ತೊಟ್ಟಿಲಾಗೆ ಆ ಗುಂಡ್ನೇ ಮಲಗ್ಸಿದ್ದೆ. ಅದು ಕಾಯ್ತದೆ ಅಂತಾರಲ್ಲ.”

ಬಾಗಿಲಲ್ಲಿ ನಿಂತಿದ್ದ ತನುಜಾ ಎಲ್ಲ ಕೇಳಿಸಿಕೊಂಡಿದ್ದಳು.

“ಸಾರ್, ನನ್ನ ಕಂಪ್ಲೇಂಟ್ ವಾಪಸ್ ಕೊಡಿ.”

“ಆಗಲ್ಲ ಕಣಮ್ಮ.” ಹೇಳುವಾಗ ನಟರಾಜ್‌ಗೆ ನಾಚಿಕೆಯಾಯಿತು.

11.45ಕ್ಕೆ ಮಹಿಳಾ ಕಾನ್‌ಸ್ಟೆಬಲ್ ಅಮೃತಾ ಉಡುಸಲಮ್ಮನನ್ನು ಬಂಧಿಸಿದಳು. ಜೀಪು ಹತ್ತುವಾಗ ಮುದುಕಿ ಗುಂಡನ್ನು ವಾಪಸ್ ಕೇಳಿದಳು. ಅದು ಸಾಕ್ಷಿ, ಕೊಡಲು ಬರುವುದಿಲ್ಲ ಎಂದ ರಾಮಾಂಜಿ. ಆಪಾದನೆ, ನಿರ್ಲಕ್ಷ್ಯದಿಂದ ಸಾವು. ರಿಮಾಂಡ್ ವರದಿಯಲ್ಲಿ ‘ನಿರ್ಲಕ್ಷ್ಯ’ ಎಂಬ ಪದ ಬರೆದ ಮೇಲೆ ನಟರಾಜ್‌ಗೆ ಪೆನ್ನು ಮುಂದೆ ಓಡಲಿಲ್ಲ. ಕೊನೆಗೆ, ಯಾರೂ ಕೇಳದಿದ್ದರೂ, ಕೆಳಗೆ ಒಂದು ಸಾಲು ಸೇರಿಸಿದರು: ಮಗ ನೆಲದ ಮೇಲೆ ಇರಲಿ ಎಂದು ಇಟ್ಟದ್ದು.