ಸವೆಯದ ಬಟ್ಟೆ

ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಇನ್ನೂ ಹುಟ್ಟಿರದ ಕಾಲದಲ್ಲಿ, ನೂಲಾವತಿ ಎಂಬ ರಾಜ್ಯವಿತ್ತು. ಅಲ್ಲಿ ಅರಸನಿಂದ ಆಳಿನವರೆಗೆ ಎಲ್ಲರ ಮನೆಯಲ್ಲೂ ಒಂದೊಂದು ಮಗ್ಗ. ಅರಸನ ನೇಯ್ಗೆ ಅಷ್ಟಕ್ಕಷ್ಟೇ ಬಿಡಿ, ಅವನ ಪಂಚೆಯ ಅಂಚು ಹಾವು ಹರಿದ ಹಾಗಿರುತ್ತಿತ್ತು. ಆದರೆ ಬಾಳವ್ವ ನೇಯ್ದರೆ! ಅವಳ ಬಟ್ಟೆಯಲ್ಲಿ ನೀರು ಕಟ್ಟಿಕೊಂಡು ಊರೆಲ್ಲ ಸುತ್ತಿಬಂದರೂ ಹನಿ ಸೋರುವುದಿಲ್ಲ ಎನ್ನುತ್ತಿದ್ದರು ಜನ. ಗಂಡ ಜ್ವರದಲ್ಲಿ ತೀರಿಕೊಂಡಿದ್ದ. ಅವಳಿಗೆ ಉಳಿದವರು ಇಬ್ಬರೇ, ಅತ್ತೆ ನಾಗಕ್ಕ ಮತ್ತು ನಾಲ್ಕು ವರ್ಷದ ಮಗಳು ಹೊನ್ನಿ.

ಆ ರಾಜ್ಯದ ಬಡಗಣ ಬೆಟ್ಟದಲ್ಲಿ ಉಗುರುಮಾಯ ಎಂಬ ಮಂತ್ರವಾದಿ ಇದ್ದ. ಅವನ ಉಗುರು ಮೊಳದುದ್ದ, ಮಂತ್ರವೆಲ್ಲ ಆ ಉಗುರಿನಲ್ಲೇ. ಹಾಳಾದವನ ಮೈಯಲ್ಲಿ ಮಾತ್ರ ಎಳ್ಳಷ್ಟೂ ಬಿಸಿ ಇರಲಿಲ್ಲ. ಒಂದು ಬೆಳಿಗ್ಗೆ ಅವನು ನೂಲಾವತಿಯ ಮೇಲೆ ಹಾರಿಬಂದು, ಊರಿನ ಮಕ್ಕಳೆಲ್ಲರ ಮೈಬಿಸಿಯನ್ನು ನೂಲಿನ ಹಾಗೆ ಎಳೆದು, ಕದಿರಿಗೆ ಸುತ್ತಿಕೊಂಡು ಹೋದ. ಆಡುತ್ತಿದ್ದ ಮಕ್ಕಳು ಆಡುತ್ತಿದ್ದಲ್ಲೇ ಮಲಗಿಬಿಟ್ಟರು. ಉಸಿರಿತ್ತು, ಮೈ ಮಾತ್ರ ತಣ್ಣಗೆ. ಹೊನ್ನಿ ಮಗ್ಗದ ಪಕ್ಕದಲ್ಲಿ ಬಿದ್ದಿದ್ದಳು, ಕೈಯಲ್ಲಿ ಅರ್ಧ ರೊಟ್ಟಿ.

ಅರಸನ ಸೈನಿಕರು ಕುದುರೆ ಏರಿ ಹೋದರು. ಮೂರನೇ ದಿನ ಕುದುರೆಗಳಷ್ಟೇ ವಾಪಸು ಬಂದವು.

"ನಾನು ಹೋಗ್ತೀನಿ ಅತ್ತೆ," ಎಂದಳು ಬಾಳವ್ವ.

"ನಿನಗೇನು ತಲೆ ಕೆಟ್ಟಿದೆಯೇ? ಸೈನಿಕರ ಕೈಲಿ ಆಗದ್ದು ನಿನ್ನ ಕೈಲಿ ಆಗ್ತದಾ?"

"ಅವರು ಕತ್ತಿ ತಗೊಂಡು ಹೋದರು. ನಾನು ಬಟ್ಟೆ ತಗೊಂಡು ಹೋಗ್ತೀನಿ."

ಅವಳು ಮೂರು ಬಟ್ಟೆ ಗಂಟು ಕಟ್ಟಿದಳು. ಒಂದು ಕರಿಕುರಿಯ ಉಣ್ಣೆಯ ಕಂಬಳಿ. ಒಂದು ರೇಷ್ಮೆ ಸೀರೆ. ಇನ್ನೊಂದು ಹತ್ತಿಯದು, ಅದಿನ್ನೂ ಪೂರ್ತಿ ಆಗಿರಲಿಲ್ಲ. ಅವರ ಕಡೆ ಸೀರೆಯ ಮೈಯ ಎಳೆ ಬೇರೆ, ಸೆರಗಿನ ಎಳೆ ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ, ಎಳೆದು ಬಿಗಿದು, ಆಮೇಲೆ ಸೆರಗು ನೇಯುತ್ತಾರೆ. ಈ ಸೀರೆಯ ಸಾವಿರ ಕುಣಿಕೆಗಳನ್ನು ತೂರಿಸಿಯಾಗಿತ್ತು, ಬಿಗಿದಿರಲಿಲ್ಲ.

ಬೆಟ್ಟದ ಮೇಲಿನ ಉಗುರುಮಾಯನ ಕೋಟೆಗೆ ಮೂರು ಬಾಗಿಲು. ಮೊದಲನೇ ಬಾಗಿಲಲ್ಲಿ ಆನೆಗಾತ್ರದ ಹದ್ದು. ಅದು ಬಾಯಿ ತೆರೆದರೆ ಆಲಿಕಲ್ಲು, ರೆಕ್ಕೆ ಬಡಿದರೆ ಜಡಿಮಳೆ. ಬಾಳವ್ವ ಕಂಬಳಿಯನ್ನು ಗೊಪ್ಪೆ ಮಾಡಿ ತಲೆಮೇಲಿಂದ ಹಾಕಿಕೊಂಡಳು. ಹುಣಸೆಬೀಜದ ಗಂಜಿ ಕುಡಿಸಿ ಬಿಗಿಯಾಗಿ ನೇಯ್ದ ಕಂಬಳಿ ಅದು. ನೀರು ಜಾರಿಹೋಯಿತು, ಕಲ್ಲು ಪುಟಿದುಹೋಯಿತು. ಹದ್ದು ಉಗುಳಿ ಉಗುಳಿ ಸುಸ್ತಾಗಿ ಕುಕ್ಕರಿಸಿತು. ಬಾಳವ್ವ ದಾಟಿದಳು.

ಎರಡನೇ ಬಾಗಿಲಲ್ಲಿ ಕಂದಕ, ಕಂದಕದಲ್ಲಿ ಮಾತಾಡುವ ಮೊಸಳೆ. "ಹಗ್ಗ ಹಾಕು ಹಾಕು! ಎಂಥ ಹಗ್ಗವಾದರೂ ಕಚಕ್ ಅಂತ ಕಡೀತೀನಿ," ಎಂದಿತು. ಬಾಳವ್ವ ರೇಷ್ಮೆ ಸೀರೆಯನ್ನು ಹೊಸೆದು ಆಚೆ ದಡದ ಮರಕ್ಕೆ ಬೀಸಿದಳು. ಮೊಸಳೆ ಜಿಗಿದು ಕಚ್ಚಿತು. ರೇಷ್ಮೆ ನುಣುಪು, ಹಲ್ಲಿಗೆ ಸಿಗಲಿಲ್ಲ. ಮತ್ತೆ ಕಚ್ಚಿತು, ಮತ್ತೆ ಜಾರಿತು. ಬಾಳವ್ವ ದಾಟಿದಳು.

ಮೂರನೇ ಬಾಗಿಲಲ್ಲಿ ಉಗುರುಮಾಯನೇ ನಿಂತಿದ್ದ. ಸೊಂಟದಲ್ಲಿ ಮಕ್ಕಳ ಬಿಸಿ ಸುತ್ತಿದ ಕದಿರು.

"ಬಟ್ಟೆ ತಂದಿದ್ದೀಯಾ? ಹರಿದು ಚಿಂದಿ ಮಾಡ್ತೀನಿ, ಕೊಡಿಲ್ಲಿ!"

"ತಗೋ ಮಾರಾಯ," ಎಂದು ಬಾಳವ್ವ ಹತ್ತಿ ಸೀರೆ ಅವನ ಕೈಮೇಲೆ ಎಸೆದಳು. ಅವನು ಹತ್ತೂ ಉಗುರು ಹಾಕಿ ಕಿತ್ತ. ಉಗುರುಗಳು ಕುಣಿಕೆಗಳೊಳಗೆ ಹೊಕ್ಕವು. ಬಾಳವ್ವ ಎರಡು ಕಡೆಯ ಎಳೆಗಳನ್ನೂ ಹಿಡಿದು ಜಗ್ಗಿದಳು. ದಿನಾ ಮಾಡುವ ಕೆಲಸವಲ್ಲವೇ, ಒಂದೇ ಜಗ್ಗಿಗೆ ಸಾವಿರ ಕುಣಿಕೆ ಬಿಗಿದುಕೊಂಡವು. ಉಗುರುಗಳು ಲಟಲಟನೆ ಮುರಿದವು. ಮಂತ್ರವಾದಿ ಅಲ್ಲೇ ಹಿಡಿ ಬೂದಿಯಾದ, ಕದಿರು ಮಾತ್ರ ಉಳಿಯಿತು. ಬೆಟ್ಟದಲ್ಲಿ ಕಲ್ಲಾಗಿ ನಿಂತಿದ್ದ ಸೈನಿಕರೆಲ್ಲ ಮೈಮುರಿದು ಎದ್ದರು.

ಊರಿಗೆ ಬಂದು ಬಾಳವ್ವ ಕದಿರು ಬಿಚ್ಚಿದಳು. ಮಕ್ಕಳ ಬಿಸಿ ಎಳೆಎಳೆಯಾಗಿ ಬೀದಿಯ ಮೇಲೆ ತೇಲಿತು. ಆದರೆ ಯಾವ ಮಗುವಿನೊಳಗೂ ಇಳಿಯಲಿಲ್ಲ. ಇದೇನಪ್ಪ ಗ್ರಹಚಾರ ಎಂದು ಎಲ್ಲರೂ ಬಾಯಿ ಬಾಯಿ ಬಿಟ್ಟರು. ರಾಣಿ ಮಾತ್ರ ಅಳುತ್ತ, ತನ್ನ ಮಗನನ್ನು ಹುಟ್ಟಿದಾಗ ಸುತ್ತಿದ್ದ ಹಳೇ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ಅವನಿಗೆ ಹೊದಿಸಿದಳು. ತೇಲುತ್ತಿದ್ದ ಒಂದು ಎಳೆ ಸರ್ರನೆ ಬಂದು ಅದರೊಳಗೆ ಇಳಿಯಿತು. ರಾಜಕುಮಾರ ಆಕಳಿಸಿದ.

ನಮ್ಮಲ್ಲೂ ಅಲ್ಲೂ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಸುತ್ತುವುದಿಲ್ಲ. ಅಜ್ಜಿಯದೋ ಅತ್ತೆಯದೋ, ಉಟ್ಟು ಉಟ್ಟು ಮೆತ್ತಗಾದ ಸೀರೆಯ ತುಂಡನ್ನೇ ಸುತ್ತುತ್ತಾರೆ. ಅದರಲ್ಲಿ ಉಟ್ಟವರ ಮೈಬಿಸಿ ಉಳಿದಿರುತ್ತದೆ. ಕಳೆದುಹೋದ ಬಿಸಿ ಆ ಬಿಸಿಯ ಗುರುತು ಹಿಡಿದೇ ಮನೆಗೆ ಬರುತ್ತದೆ. ಊರಿಗೆ ಊರೇ ಪೆಟ್ಟಿಗೆಗಳತ್ತ ಓಡಿತು. ಮನೆಮನೆಯಲ್ಲೂ ಮಕ್ಕಳು ಎದ್ದು ಕೂತು ಹಸಿವು ಎಂದರು.

ಬಾಳವ್ವನೂ ತನ್ನ ಪೆಟ್ಟಿಗೆ ತೆರೆದಳು.

ಹೊನ್ನಿ ಹುಟ್ಟಿದ ದಿನ ನಾಗಕ್ಕ ತನ್ನ ಹಳೇ ಸೀರೆ ಹರಿದು ತಂದಿದ್ದಳು. ಬಾಳವ್ವ ಬೇಡವೆಂದಿದ್ದಳು. "ಅಪ್ಪನಿಲ್ಲದ ಮಗು ಅಂತ ಚಿಂದಿ ಸುತ್ತಬೇಕಾ ಅತ್ತೆ? ನನ್ನ ಮಗಳಿಗೆ ನಾನು ನೇಯ್ದದ್ದೇ ಆಗಬೇಕು." ಬಸುರಿಯಾಗಿದ್ದಾಗ ಅತ್ತೂ ಅತ್ತೂ ನೇಯ್ದ ಬಟ್ಟೆ ಅದು, ಹಾಲಿನಂಥ ಬಿಳುಪು. ಯಾರ ಮೈಯನ್ನೂ ಮುಟ್ಟಿರಲಿಲ್ಲ. ಹೊನ್ನಿಗೂ ಒಂದೇ ದಿನ ಸುತ್ತಿ, ಕೊಳೆಯಾದೀತೆಂದು ಮಡಿಸಿಟ್ಟಿದ್ದಳು.

ಈಗ ಅದನ್ನೇ ಹೊದಿಸಿದಳು. ಎಳೆ ಬಂತು, ಬಟ್ಟೆಯ ಮೇಲೆ ಸುಳಿಯಿತು, ಗುರುತು ಸಿಗದೆ ಸೂರಿಗೆ ಹೋಗಿ ಕೂತಿತು. ನಾಗಕ್ಕನ ಸೀರೆ ಹೊದಿಸಿದರು, ಎಳೆ ಅತ್ತ ತಿರುಗಿಯೂ ನೋಡಲಿಲ್ಲ. ಮೊದಲು ಮೈಮುಟ್ಟಿದ ಬಟ್ಟೆಯೇ ಆಗಬೇಕಿತ್ತು. ಬಾಳವ್ವ ಸವೆದು ಮೆತ್ತಗಾಗಲೆಂದು ಬಟ್ಟೆಯನ್ನು ಹೊಳೆಗೆ ಒಯ್ದು ಕಲ್ಲಿಗೆ ಹಾಕಿ ಒಗೆದಳು, ಕೈ ಬೊಬ್ಬೆ ಬರುವ ತನಕ ಒಗೆದಳು. ಕಲ್ಲಿನ ಬಿಸಿ ಯಾರಿಗೆ ಬೇಕು?

"ಉಟ್ಟೇ ಸವೆಸಬೇಕು ಬಾಳೀ, ಬೇರೆ ದಾರಿಯಿಲ್ಲ," ಎಂದು ನಾಗಕ್ಕ ಕಣ್ಣೊರೆಸಿಕೊಂಡಳು.

ಬಾಳವ್ವ ಆ ಬಟ್ಟೆಯನ್ನು ಎದೆಗೆ ಕಟ್ಟಿಕೊಂಡಳು. ನೇಯುವಾಗ, ಉಣ್ಣುವಾಗ, ಮಲಗುವಾಗ ಬಿಚ್ಚಲಿಲ್ಲ. ವರ್ಷಕ್ಕೊಮ್ಮೆ ತೆಗೆದು ಮಗಳಿಗೆ ಹೊದಿಸುವಳು. ಎಳೆ ಸೂರಿನಿಂದ ಇಳಿಯುವುದು, ಸುಳಿಯುವುದು, ಮೇಲೆ ಹೋಗುವುದು. ಐದು ವರ್ಷವಾಯಿತು, ಬಟ್ಟೆಯ ಒಂದು ನೂಲೂ ಜರುಗಲಿಲ್ಲ. ಹತ್ತು ವರ್ಷವಾಯಿತು. ಅಷ್ಟು ಚೆನ್ನಾಗಿ ನೇಯ್ದಿದ್ದಳಲ್ಲ, ಪುಣ್ಯಾತ್ಗಿತ್ತಿ! ತನ್ನ ಕೈಯನ್ನೇ ಶಪಿಸಿಕೊಂಡಳು. ಎದ್ದ ಮಕ್ಕಳೆಲ್ಲ ದೊಡ್ಡವರಾದರು, ಮದುವೆಯಾದರು. ನಾಗಕ್ಕ ಹೋದಳು. ಹೊನ್ನಿ ಮಾತ್ರ ನಾಲ್ಕು ವರ್ಷದವಳಾಗಿಯೇ ಮಲಗಿದ್ದಳು.

ಮೂವತ್ತೊಂದನೇ ವರ್ಷ ಬಟ್ಟೆ ಜಾಳಾಯಿತು, ಹಿಂಜಿದ ಹತ್ತಿಯಷ್ಟು ಮೆತ್ತಗಾಯಿತು. ಬಾಳವ್ವ ಅದನ್ನು ಮಗಳಿಗೆ ಹೊದಿಸಿದಳು. ಎಳೆ ಇಳಿಯಿತು, ಒಳಗೆ ಹೋಯಿತು. ಹೊನ್ನಿಯ ಕೆನ್ನೆ ಕೆಂಪಾಯಿತು. ಅವಳು ಕಣ್ಣುಜ್ಜಿಕೊಂಡು ಎದ್ದು ಕೂತು, ಎದುರಿಗಿದ್ದ ನರೆತ ತಲೆಯ, ಹಲ್ಲು ಬಿದ್ದ ಮುದುಕಿಯನ್ನು ನೋಡಿದಳು.

"ಅಜ್ಜೀ, ನಮ್ಮವ್ವ ಎಲ್ಲಿ?"

ಬಾಳವ್ವ ಬಾಯಿ ತೆರೆದಳು. ನಾನೇ ಕಣೇ ಎಂದಳು. ಹೊನ್ನಿ ತಲೆಯಲ್ಲಾಡಿಸಿ, "ನೀನಲ್ಲ, ನಮ್ಮವ್ವ," ಎಂದು ತುಟಿ ಸೊಟ್ಟ ಮಾಡಿದಳು. ಇನ್ನೇನು ಅಳುವವಳಿದ್ದಳು.

"ಬರ್ತಾಳೆ ಕಂದ, ಬರ್ತಾಳೆ," ಎಂದಳು ಬಾಳವ್ವ. "ಮೊದಲು ಎರಡು ತುತ್ತು ಉಣ್ಣು, ಬಾ."

ನೂಲಾವತಿಯಲ್ಲಿ ಅಂದು ಹಬ್ಬ ಮಾಡಿದರು. ಆಮೇಲೆ ಅಲ್ಲಿ ಯಾರ ಮನೆಗೂ ಕೇಡು ಬರಲಿಲ್ಲ, ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಹೊನ್ನಿಯೂ ಬೆಳೆದಳು, ಮಗ್ಗ ಕಲಿತಳು. ಕೊನೆಯವರೆಗೂ ಅವಳು ಬಾಳವ್ವನನ್ನು ಅಜ್ಜಿ ಎಂದೇ ಕರೆದಳು. ಬಾಳವ್ವ ಓಗೊಡುತ್ತಿದ್ದಳು.