ಅಷ್ಟೂ ರೊಟ್ಟಿ ಕೊಡ್ರಿ

"ಅಷ್ಟೂ ರೊಟ್ಟಿ ಕೊಡ್ರಿ."

ಸ್ನೇಹಲತಾ ತಲೆ ಎತ್ತಿದಳು. ಮಿಯಾಪುರದ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಖಡಕ್ ರೊಟ್ಟಿಯ ಬುಟ್ಟಿ ಇಟ್ಟುಕೊಂಡು ಕೂತು ಅರ್ಧ ಗಂಟೆಯೂ ಆಗಿರಲಿಲ್ಲ. ಎದುರಿಗೆ ನಿಂತವನು ಅವಳನ್ನಲ್ಲ, ಪಕ್ಕದ ಬೋರ್ಡನ್ನು ನೋಡುತ್ತಿದ್ದ. 'ಅರುಣಾಚಲದ ಗುಡ್ಡದ ಶಾಲೆಗೆ ಎರಡು ತಿಂಗಳು ಪಾಠ ಹೇಳಲು ಹೊರಟಿದ್ದೇನೆ. ರೊಟ್ಟಿ ಕೊಂಡು ದಾರಿಖರ್ಚಿಗೆ ನೆರವಾಗಿ.'

"ಅಷ್ಟೂ? ಮನ್ಯಾಗ ಮದುವಿ ಐತೇನ್ರಿ?"

"ಇಲ್ರಿ. ನಾ ಒಬ್ಬನ."

ನಕ್ಕ. ರೊಟ್ಟಿ ಎಣಿಸುತ್ತಿದ್ದವಳಿಗೆ ಲೆಕ್ಕ ತಪ್ಪಿತು!

ಅವನು ಶಾಂತಕುಮಾರ. ಬೀದರ ಕಡೆಯವನು, ಕಟ್ಟಡ ಕೆಲಸದ ಸೂಪರ್‌ವೈಸರ್, ಪಕ್ಕದ ಬ್ಲಾಕಿನಲ್ಲೇ ಬಾಡಿಗೆಗಿದ್ದ. ಭಾನುವಾರ ಬಂತೆಂದರೆ ಬುಟ್ಟಿ ಖಾಲಿ ಮಾಡಿ ಹೋಗುತ್ತಿದ್ದ. ಸ್ನೇಹಲತಾ ಟೀಚರ್. ತಾಯಿ ಸೂಗಮ್ಮ ಮೊದಲೇ ಹೇಳಿಬಿಟ್ಟಿದ್ದಳು. "ಹೋಗಬ್ಯಾಡ ಅನ್ನಂಗಿಲ್ಲ. ಆದ್ರ ರೊಕ್ಕ ನಿಂದ. ಯಾರ ಮುಂದೂ ಕೈ ಒಡ್ಡಬ್ಯಾಡ."

ಒಂದು ಭಾನುವಾರ ಅವನು ಬರಲಿಲ್ಲ. ಇವಳ ಮನಸ್ಸು ತಡೆಯಬೇಕಲ್ಲ! ರೊಟ್ಟಿ ಕಟ್ಟಿಕೊಂಡು ತಾನೇ ಹೋಗಿ ಬಾಗಿಲು ತಟ್ಟಿದಳು.

ನೆಗಡಿಯಿಂದ ಮೂಗು ಕೆಂಪಾದ ಶಾಂತಕುಮಾರ ಬಾಗಿಲು ತೆರೆದ. ಅವನ ಹಿಂದೆ, ಅಡುಗೆಮನೆ ಕಟ್ಟೆಯ ಮೇಲೆ, ಡಬ್ಬಿ ಡಬ್ಬಿ ರೊಟ್ಟಿ... ಇಷ್ಟು ವಾರ ಕೊಂಡಿದ್ದೆಲ್ಲ! ಒಂದನ್ನೂ ಮುರಿದಿರಲಿಲ್ಲ.

'ತಿನ್ನೋಕಲ್ಲ... ಅಯ್ಯೋ ಪಾಪ ಅಂತ ಕೊಂಡಿದ್ದಾನೆ!'

"ನಾ ಭಿಕ್ಷಾ ಬೇಡಾಕತ್ತಿದ್ದಿಲ್ರಿ!"

"ಒಂದ್ ಮಾತು ಕೇಳ್ರಿ..."

ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹುಡುಗಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವನು ಕೊಟ್ಟ ರೊಕ್ಕವನ್ನೆಲ್ಲ ಅಂದೇ ಫೋನಿನಲ್ಲಿ ವಾಪಸು ಕಳಿಸಿದಳು. ದಾರಿಖರ್ಚು ಹೋಯಿತು. ಕೂತು ಅತ್ತಳು. ಅಳು ಬರೀ ಅರುಣಾಚಲಕ್ಕಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಟಿಕೆಟ್ ಮಾಡಿಸುವ ದಿನ, ಗುಡ್ಡದ ಶಾಲೆಗೆ ಜನರನ್ನು ಕಳಿಸುವ ತಾರ್ನಾಕದ ಸಂಸ್ಥೆಗೆ ಹೋದಳು.

"ನನ್ನ ಹೆಸರು ತಗೀರಿ ಮೇಡಂ. ಖರ್ಚಿಗೆ ಆಗಲಿಲ್ಲ."

ಅಲ್ಲಿನ ಪ್ರೇಮಾ ಮೇಡಂ ರಾಯಚೂರಿನವರು. "ಅಯ್ಯ! ಆ ಶಾಲಿ ಮ್ಯಾಲ ತಗಡು ಹೊದಸಾಕ ನಿಮ್ಮ ಮಿಯಾಪುರದವರ ಒಬ್ಬರು ಹೊಂಟಾರ. ನೋಡ್ರಿ ಅಲ್ಲಿ."

ಮೂಲೆಯ ಕುರ್ಚಿಯಲ್ಲಿ ಶಾಂತಕುಮಾರ!

"ನೀವಾ?"

"ಆ ಗುಡ್ಡದಾಗ ಎರಡು ತಿಂಗಳು ಬರೇ ಅನ್ನ ಉಂಡು ಇರಾಕ ನನಗ ಆಗೂದಿಲ್ರಿ. ಅದಕ್ಕ ರೊಟ್ಟಿ ಕೂಡಿಟ್ಟೆ. ತಿಂಗಳಗಟ್ಟಲೆ ಕೆಡದ ಖಡಕ್ ರೊಟ್ಟಿ ಪ್ರಯಾಣಕ್ಕ ಕಟಗೊಳ್ಳಾಕಲ್ಲದ ಮತ್ತ್ಯಾಕ? ರೊಟ್ಟಿ ಬಡಿಯೋರಿಗೆ ನಾ ಹೇಳಬೇಕೇನು?"

ಹೌದಲ್ಲ! ಅವಳ ಅಜ್ಜಿ ರೊಟ್ಟಿ ಗಂಟಿಲ್ಲದೆ ರೈಲು ಹತ್ತಿದ್ದೇ ಇಲ್ಲ. ಸ್ನೇಹಲತಾಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಮೊದಲ ಹೇಳಬೇಕಿಲ್ಲೇನು?"

"ಬೆನ್ನ ಹತ್ತಿ ಬಂದಾನ ಅಂತೀರಿ ಅಂತ ಅಂಜಿದೆ... ಬಂದಿದ್ದೂ ಖರೇನ." ಅವನು ತಲೆ ತಗ್ಗಿಸಿದ. "ಅವತ್ತ ಬೋರ್ಡ್ ಓದಿದ್ದು ಒಂದ ಸಲ. ಆಮ್ಯಾಲ ನಿಮ್ಮ ಮಾರಿ ನೋಡೂ ಧೈರ್ಯ ಇಲ್ಲದ ಅದನ್ನ ನೋಡಕೋತ ನಿಂತಿದ್ದೆ. ನೀವಂದ್ರ ಭಾಳ ಇಷ್ಟ ರೀ ನನಗ."

ಸ್ನೇಹಲತಾ ಕೈ ಚಾಚಿದಳು.

"ಮತ್ತ ನನ್ನ ರೊಟ್ಟಿ ರೊಕ್ಕ ಕೊಡ್ರಿ. ಟಿಕೆಟ್ ತಗಸಬೇಕು."

ರೊಕ್ಕ ಫೋನಿಗೆ ಬಂತು. ಚಾಚಿದ ಕೈ ಮಾತ್ರ ಹಾಗೇ ಇತ್ತು. ಅವನು ಅದನ್ನು ಹಿಡಿದ. ಪ್ರೇಮಾ ಮೇಡಂ ಕಿಟಕಿಯಾಚೆ ನೋಡತೊಡಗಿದರು.

"ರೊಟ್ಟಿ ಆತು..." ಎಂದ ಮೆಲ್ಲಗೆ. "ಹಚಗೊಂಡು ತಿನ್ನಾಕ ಶೇಂಗಾ ಹಿಂಡಿ?"

"ನಾ ತರತೀನಿ. ಇಬ್ಬರಿಗೆ ಆಗೂವಷ್ಟು."